ಇಬ್ಬರು ಬಲಿಷ್ಠರ ನಡುವೆ ಆರುನೂರು ವರ್ಷ

ಗಂಗಾನಗರದಿಂದ ಬಳ್ಳಾರಿ ರಸ್ತೆಗೆ ಬಂದು ವಿಮಾನ ನಿಲ್ದಾಣದ ಕಡೆಗೆ ತಿರುಗಿದರೆ ಸ್ವಲ್ಪ ದೂರದಲ್ಲೇ ಹೆಬ್ಬಾಳ. ಮೇಲ್ಸೇತುವೆ, ಕೆರೆ, ವಾಹನಗಳ ಸಾಲು ಎಲ್ಲರಿಗೂ ಗೊತ್ತು. ಅದೇ ಹೆಬ್ಬಾಳದ ಹಳೆಯ ಊರಿನಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದ್ದು. ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದು ಎಂದು ತಜ್ಞರು ಗುರುತಿಸಿದ್ದಾರೆ. ಗಂಗರ ದೊರೆ ಶ್ರೀಪುರುಷ ಆಳುತ್ತಿದ್ದಾಗ ‘ಪೆರ್ಬೊಳಲ್‌ನಾಡು ಮೂವತ್ತು’ ಎಂಬ ಆಡಳಿತ ಸೀಮೆಯಲ್ಲಿ, ರಟ್ಟವಾಡಿಯವರ ಕಡೆಯಿಂದ ಬಂದ ದಾಳಿಯಲ್ಲಿ ಹೋರಾಡಿ ಸತ್ತ ಕಿಟ್ಟಯ್ಯನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಪೆರ್ಬೊಳಲ್ ಎಂದರೆ ಇಂದಿನ ಹೆಬ್ಬಾಳ. ರಟ್ಟವಾಡಿಯವರೆಂದರೆ ರಾಷ್ಟ್ರಕೂಟರು.

ಕಿಟ್ಟಯ್ಯ ದೊರೆಯಲ್ಲ, ದಂಡನಾಯಕನೂ ಅಲ್ಲ. ಅಂಥವನೊಬ್ಬ ತನ್ನ ಊರಿನ ನೆಲದಲ್ಲೇ ಬಿದ್ದದ್ದು ಏಕೆ ಎಂದು ಕೇಳುತ್ತ ಹೋದರೆ ಉತ್ತರ ಹೆಬ್ಬಾಳದಲ್ಲಿ ನಿಲ್ಲುವುದಿಲ್ಲ. ಬಾದಾಮಿ, ಕಾಂಚಿ, ಮಳಖೇಡ, ತಂಜಾವೂರುಗಳವರೆಗೆ ಹೋಗಬೇಕಾಗುತ್ತದೆ. ಉತ್ತರದಲ್ಲಿ ಒಂದು ಸಾಮ್ರಾಜ್ಯ, ಪೂರ್ವ ಮತ್ತು ದಕ್ಷಿಣಕ್ಕೆ ಇನ್ನೊಂದು, ನಡುವೆ ಗಂಗವಾಡಿ. ಈ ನಡುವಿನ ರಾಜ್ಯ ಸುಮಾರು ಕ್ರಿ.ಶ. 350ರಿಂದ 1004ರವರೆಗೆ ಬಾಳಿತು. ಅದರ ಸುತ್ತಲಿದ್ದ ಯಾವ ಮಹಾಸಾಮ್ರಾಜ್ಯವೂ ಕನ್ನಡ ನೆಲದಲ್ಲಿ ಅಷ್ಟು ದೀರ್ಘಕಾಲ ಒಂದೇ ಮನೆತನದಲ್ಲಿ ಉಳಿಯಲಿಲ್ಲ. ಬಾದಾಮಿ ಚಾಲುಕ್ಯರು ಇನ್ನೂರು ವರ್ಷ, ರಾಷ್ಟ್ರಕೂಟರು ಇನ್ನೂರಿಪ್ಪತ್ತು ವರ್ಷ ಆಳಿದರು. ಅವರಿಗಿಂತ ಬಲದಲ್ಲಿ ಕಡಿಮೆಯಿದ್ದ ಗಂಗರು ಆರುನೂರು ದಾಟಿದರು. ಇದಕ್ಕೆ ಶೌರ್ಯವೊಂದನ್ನೇ ಕಾರಣ ಹೇಳಿದರೆ ಸಾಲದು. ಬಲಸಮತೋಲದ ರಾಜಕಾರಣ ಏನೆಂಬುದನ್ನು ತಿಳಿಯಲು ನಮ್ಮ ನೆಲದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಬಲಸಮತೋಲದ ಮೂಲತತ್ವ ಸರಳ. ಒಬ್ಬ ದೊರೆ ಎಲ್ಲರನ್ನೂ ನುಂಗುವಷ್ಟು ಬೆಳೆದರೆ ಉಳಿದವರು ತಮ್ಮೊಳಗಿನ ಜಗಳ ಬದಿಗಿಟ್ಟು ಅವನನ್ನು ತಡೆಯುತ್ತಾರೆ. ನಿನ್ನೆಯ ಶತ್ರು ಇಂದಿನ ಮಿತ್ರನಾಗುವುದು ಹೀಗೆ. ಇದನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರ ಮರಳಿ ಬೆಳಕಿಗೆ ಬಂದದ್ದೂ ಕರ್ನಾಟಕದಲ್ಲೇ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದರ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಆ ಗ್ರಂಥದ ರಾಜಮಂಡಲದಲ್ಲಿ ಹನ್ನೆರಡು ದೊರೆಗಳಿದ್ದಾರೆ. ಗಡಿ ತಾಗಿಕೊಂಡಿರುವವನು ಸಹಜ ಶತ್ರು, ಆ ಶತ್ರುವಿನ ಆಚೆಗಿರುವವನು ಸಹಜ ಮಿತ್ರ. ಇಬ್ಬರು ಎದುರಾಳಿಗಳ ಗಡಿಗೂ ಅಂಟಿಕೊಂಡು, ಯಾರ ಕಡೆಗೆ ವಾಲಿದರೂ ಫಲಿತಾಂಶ ಬದಲಿಸಬಲ್ಲವನನ್ನು ಕೌಟಿಲ್ಯ ‘ಮಧ್ಯಮ’ ಎನ್ನುತ್ತಾನೆ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ನೀತಿಗಳಲ್ಲಿ ಕೊನೆಯ ಎರಡು ಬಲ ಕಡಿಮೆಯಿದ್ದವರಿಗೆ ಬಹಳ ಬೇಕಾದವು. ಒಬ್ಬ ಬಲಿಷ್ಠನ ಆಶ್ರಯ ಪಡೆಯುವುದು ಸಂಶ್ರಯ, ಒಬ್ಬನೊಡನೆ ಸಂಧಿ ಮಾಡಿಕೊಂಡು ಇನ್ನೊಬ್ಬನೊಡನೆ ಹೋರಾಡುವುದು ದ್ವೈಧೀಭಾವ. ಗಂಗರ ಚರಿತ್ರೆ ಬಹುಪಾಲು ಈ ಎರಡರ ಚರಿತ್ರೆ.

ಆರಂಭದಿಂದಲೇ ನೋಡಿ. ಕೋಲಾರದಿಂದ ಹೊರಟು ತಲಕಾಡಿಗೆ ನೆಲೆ ಬದಲಿಸಿದ ಈ ಮನೆತನದ ಮೊದಮೊದಲ ದೊರೆಗಳಿಗೆ ಪಟ್ಟ ಕಟ್ಟಿದವರು ಕಾಂಚಿಯ ಪಲ್ಲವರು ಎಂದು ಪೆನುಕೊಂಡ ತಾಮ್ರಪಟ ಹೇಳುತ್ತದೆ. ಪಲ್ಲವರ ಈ ಔದಾರ್ಯಕ್ಕೆ ಕಾರಣವಿತ್ತು. ಬನವಾಸಿಯಲ್ಲಿ ಕದಂಬರು ತಲೆ ಎತ್ತಿದ್ದರು. ಕಾಂಚಿಗೂ ಬನವಾಸಿಗೂ ನಡುವೆ ತಮಗೆ ಬೇಕಾದವನೊಬ್ಬ ಇರಲಿ ಎಂಬುದು ಪಲ್ಲವರ ಲೆಕ್ಕ. ಗಂಗರು ಆ ನೆರವನ್ನು ಪಡೆದರು, ಆದರೆ ಅದಕ್ಕೆ ಕಟ್ಟುಬೀಳಲಿಲ್ಲ. ಮುಂದಿನ ತಲೆಮಾರುಗಳಲ್ಲಿ ಕದಂಬರ ಮನೆಯಿಂದಲೇ ಹೆಣ್ಣು ತಂದರು. ಆರನೆಯ ಶತಮಾನದ ದುರ್ವಿನೀತನ ಹೊತ್ತಿಗೆ ಪಲ್ಲವರ ಮೇಲೆಯೇ ಯುದ್ಧ ಮಾಡುವಷ್ಟು ಬೆಳೆದರು.

ಏಳನೆಯ ಶತಮಾನದಲ್ಲಿ ದಕ್ಷಿಣ ಭಾರತ ಎರಡು ಧ್ರುವಗಳಾಗಿ ಒಡೆಯಿತು: ಬಾದಾಮಿ ಮತ್ತು ಕಾಂಚಿ. ಗಂಗರೂ ಆಳುಪರೂ ಇಮ್ಮಡಿ ಪುಲಕೇಶಿಗೆ ತಲೆಬಾಗಿದರೆಂದು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಬರೆದಿದ್ದಾನೆ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ಹದಿಮೂರು ವರ್ಷಗಳ ನಂತರ ಒಂದನೆಯ ವಿಕ್ರಮಾದಿತ್ಯ ಅದನ್ನು ಮರಳಿ ಪಡೆದ. 674ರ ಹೊತ್ತಿಗೆ ಅವನ ಸೇನೆ ಕಾವೇರಿಯ ದಡದ ಉರಗಪುರದಲ್ಲಿ ಬೀಡುಬಿಟ್ಟಿತ್ತು ಎಂದು ಗದ್ವಾಲ್ ತಾಮ್ರಪಟ ತಿಳಿಸುತ್ತದೆ. ಪಲ್ಲವರ ದಕ್ಷಿಣಕ್ಕಿದ್ದ ಮದುರೆಯ ಪಾಂಡ್ಯರೂ ಆಗ ಪಲ್ಲವರ ವಿರೋಧಿಗಳೇ. ಪಕ್ಕದಲ್ಲಿದ್ದ ಗಂಗ ಭೂವಿಕ್ರಮ ವಿಳಂದೆಯ ಯುದ್ಧದಲ್ಲಿ ಪಲ್ಲವ ದೊರೆಯನ್ನು ಸೋಲಿಸಿ ಅವನ ಕೊರಳ ಹಾರದ ‘ಉಗ್ರೋದಯ’ ಎಂಬ ರತ್ನವನ್ನು ಕಿತ್ತುಕೊಂಡ. ಕೌಟಿಲ್ಯನ ಮಂಡಲ ನಕ್ಷೆಯ ಮೇಲೆ ಬಿಡಿಸಿಟ್ಟಂತೆ ಕಾಣುತ್ತದೆ: ಪಲ್ಲವರ ಎದುರಿಗೆ ಚಾಲುಕ್ಯರು, ಹಿಂದೆ ಪಾಂಡ್ಯರು, ಪಕ್ಕದಲ್ಲಿ ಗಂಗರು.

ಇಷ್ಟು ಬಲವಿದ್ದ ಸಾಮ್ರಾಜ್ಯಗಳು ಗಂಗವಾಡಿಯನ್ನು ನುಂಗಿ ಮುಗಿಸಲಿಲ್ಲವೇಕೆ? ಮೊದಲ ಕಾರಣ ದೂರ. ಬಾದಾಮಿಯಿಂದ ಕಾಂಚಿಗೆ ನೇರ ಗೆರೆ ಎಳೆದರೂ ಐನೂರು ಕಿಲೋಮೀಟರಿಗೂ ಹೆಚ್ಚು. ಮಳಖೇಡದಿಂದಲೂ ಹೆಚ್ಚುಕಡಿಮೆ ಅಷ್ಟೇ. ಆನೆ, ಕುದುರೆ, ಕಾಲಾಳು, ಎತ್ತಿನ ಗಾಡಿಗಳ ಸೇನೆ ಅಷ್ಟು ದೂರ ಹೋಗಿ ರಾಜಧಾನಿಯೊಂದನ್ನು ಗೆಲ್ಲಬಹುದು, ಮಳೆಗಾಲಗಳನ್ನು ಕಳೆದು ಆಳುವುದು ಬೇರೆಯೇ ಕೆಲಸ. ಇಮ್ಮಡಿ ವಿಕ್ರಮಾದಿತ್ಯ ಕಾಂಚಿಯನ್ನು ಗೆದ್ದ ಮೇಲೆ ಕೈಲಾಸನಾಥ ದೇಗುಲದ ಸಂಪತ್ತನ್ನು ದೇವರಿಗೇ ಬಿಟ್ಟು, ಅಲ್ಲಿ ಕನ್ನಡ ಶಾಸನ ಕೆತ್ತಿಸಿ ಹಿಂದಿರುಗಿದ. ಗೆದ್ದ ನೆಲವನ್ನು ಕಾಯಲು ಆ ನೆಲದವನೇ ಬೇಕು. ಎರಡನೆಯ ಕಾರಣ ಇನ್ನೂ ಮುಖ್ಯ. ಗಂಗರನ್ನು ಅತಿಯಾಗಿ ಹಿಂಡಿದರೆ ಅವರು ಎದುರಾಳಿಯ ಕಡೆ ಹೋಗುತ್ತಾರೆ ಎಂಬ ಭಯ ಎರಡೂ ಕಡೆಗಿತ್ತು.

ಈ ಭಯವನ್ನು ಬಳಸಿಕೊಳ್ಳುವುದರಲ್ಲಿ ಶ್ರೀಪುರುಷ ನಿಪುಣ. 726ರಿಂದ 788ರವರೆಗೆ ಅರವತ್ತೆರಡು ವರ್ಷ ಆಳಿದ. ಅವನು ನೆಲೆಯಾಗಿ ಆರಿಸಿಕೊಂಡ ಮಾನ್ಯಪುರ ಇಂದು ನೆಲಮಂಗಲ ತಾಲ್ಲೂಕಿನ ಮಣ್ಣೆ. ಪಲ್ಲವರನ್ನು ಸೋಲಿಸಿ ಅವರ ‘ಪೆರ್ಮಾನಡಿ’ ಬಿರುದನ್ನು ತನ್ನದಾಗಿಸಿಕೊಂಡ. ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಪಕ್ಷದಲ್ಲಿ ನಿಂತು ವೆಣ್ಬೈನಲ್ಲಿ ಪಾಂಡ್ಯರಿಂದ ಸೋತಾಗ ಗಂಗರ ಹೆಣ್ಣುಮಗಳೊಬ್ಬಳು ಪಾಂಡ್ಯ ರಾಜಕುಮಾರನ ಕೈಹಿಡಿದಳು; ಸೋತ ಯುದ್ಧ ಬೀಗತನದಲ್ಲಿ ಮುಗಿಯಿತು. ಆದರೆ ಸುಮಾರು 753ರಲ್ಲಿ ದಂತಿದುರ್ಗ ಚಾಲುಕ್ಯರನ್ನು ಕಿತ್ತೊಗೆದು ರಾಷ್ಟ್ರಕೂಟ ರಾಜ್ಯ ಕಟ್ಟಿದಾಗ ಶ್ರೀಪುರುಷ ಆತುಕೊಂಡಿದ್ದ ಉತ್ತರದ ಶಕ್ತಿಯೇ ಇಲ್ಲವಾಯಿತು. 768ರಲ್ಲಿ ರಾಷ್ಟ್ರಕೂಟ ಕೃಷ್ಣ ಮಣ್ಣೆಯಲ್ಲೇ ಬೀಡುಬಿಟ್ಟಿದ್ದನೆಂದು ಅವನ ತಳೇಗಾಂವ್ ತಾಮ್ರಪಟ ಹೇಳುತ್ತದೆ. ಹೆಬ್ಬಾಳದ ಕಿಟ್ಟಯ್ಯನ ಸಾವು ಈ ಹೊಸ ಶಕ್ತಿ ದಕ್ಷಿಣಕ್ಕೆ ಕೈಚಾಚಿದ ಕಾಲದ್ದು.

ಮುಂದಿನ ಅಧ್ಯಾಯ ಅತ್ಯಂತ ಪಾಠಭರಿತ. ಶ್ರೀಪುರುಷನ ಮಗ ಇಮ್ಮಡಿ ಶಿವಮಾರನನ್ನು ರಾಷ್ಟ್ರಕೂಟ ಧ್ರುವ ಸೆರೆಗೆ ಹಾಕಿ, ಗಂಗವಾಡಿಯನ್ನು ನೇರವಾಗಿ ಆಳಲು ತನ್ನ ಹಿರಿಯ ಮಗ ಸ್ತಂಭನನ್ನು ಕಳುಹಿಸಿದ. ಧ್ರುವ 793ರಲ್ಲಿ ತೀರಿಕೊಂಡಾಗ ಪಟ್ಟ ಕಿರಿಯವನಾದ ಮೂರನೆಯ ಗೋವಿಂದನಿಗೆ ಹೋಯಿತು. ಸ್ತಂಭ ಹನ್ನೆರಡು ದೊರೆಗಳ ಕೂಟ ಕಟ್ಟಿ ತಮ್ಮನ ಮೇಲೆ ತಿರುಗಿಬಿದ್ದ. ಅಣ್ಣನಿಗೆ ಎದುರಾಗಿ ನಿಲ್ಲಲಿ ಎಂದು ಗೋವಿಂದ ಶಿವಮಾರನನ್ನು ಸೆರೆಯಿಂದ ಬಿಡಿಸಿ ಕಳುಹಿಸಿದರೆ, ಶಿವಮಾರ ಬಂದು ಸ್ತಂಭನ ಜೊತೆಗೇ ಸೇರಿಕೊಂಡ. ಗೋವಿಂದ ಗೆದ್ದ. ಅಣ್ಣನನ್ನು ಕ್ಷಮಿಸಿ ಗಂಗವಾಡಿಯ ಅಧಿಕಾರವನ್ನು ಅವನಿಗೇ ಮರಳಿ ಕೊಟ್ಟ, ಶಿವಮಾರ ಮತ್ತೆ ಸೆರೆಮನೆಗೆ ಹೋದ. ಇಷ್ಟಾದರೂ ಕೊನೆಗೆ ಶಿವಮಾರನಿಗೆ ಗಂಗವಾಡಿಯ ಪಟ್ಟ ಮರಳಿತು. ರಾಷ್ಟ್ರಕೂಟ ಗೋವಿಂದ ಮತ್ತು ಪಲ್ಲವ ನಂದಿವರ್ಮ ಇಬ್ಬರೂ ತಮ್ಮ ಕೈಯಾರೆ ಅವನಿಗೆ ಪಟ್ಟ ಕಟ್ಟಿದರೆಂದು ಗಂಗರ ತಾಮ್ರಪಟಗಳು ಹೇಳುತ್ತವೆ.

ಎರಡು ಬಲಿಷ್ಠ ಕೈಗಳು ಒಂದೇ ತಲೆಗೆ ಪಟ್ಟ ಕಟ್ಟುವ ಈ ದೃಶ್ಯಕ್ಕೆ ಜಗತ್ತಿನಲ್ಲಿ ಜೊತೆಯಿದೆ. ರೋಮ್ ಮತ್ತು ಪಾರ್ಥಿಯಾ ಸಾಮ್ರಾಜ್ಯಗಳ ನಡುವೆ ಆರ್ಮೇನಿಯಾ ಎಂಬ ರಾಜ್ಯವಿತ್ತು. ಅದಕ್ಕಾಗಿ ಎರಡೂ ಕಡೆ ಬಹುಕಾಲ ಸೆಣಸಿದವು. ಕ್ರಿ.ಶ. 63ರಲ್ಲಿ ಒಪ್ಪಂದವಾಯಿತು: ದೊರೆ ಪಾರ್ಥಿಯಾದ ರಾಜವಂಶದವನು, ಕಿರೀಟ ತೊಡಿಸುವವನು ರೋಮಿನ ಚಕ್ರವರ್ತಿ. ಅದರಂತೆ 66ರಲ್ಲಿ ತಿರಿದಾತ ರೋಮಿಗೆ ಹೋಗಿ ನೀರೋನ ಕೈಯಿಂದ ಕಿರೀಟ ಪಡೆದ. ಅದಾದ ಮೇಲೆ ಆ ಗಡಿಯಲ್ಲಿ ಹಲವು ದಶಕ ದೊಡ್ಡ ಯುದ್ಧ ನಡೆಯಲಿಲ್ಲ. ನಡುವಿನ ರಾಜ್ಯವನ್ನು ಕಬಳಿಸುವುದಕ್ಕಿಂತ ಅದನ್ನು ನಡುವೆಯೇ ಉಳಿಸುವುದು ಇಬ್ಬರಿಗೂ ಅಗ್ಗ ಎಂದು ರೋಮ್ ಕಲಿತ ಪಾಠವನ್ನೇ ರಾಷ್ಟ್ರಕೂಟರು ಶಿವಮಾರನ ವಿಷಯದಲ್ಲಿ ಕಲಿತರು. ನೇರ ಆಳ್ವಿಕೆಗೆ ಕಳುಹಿಸಿದ ಸ್ವಂತ ಮಗನೇ ಆ ನೆಲದ ಬಲದಿಂದ ಬಂಡೆದ್ದ ಮೇಲೆ ಪಾಠಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅಮೋಘವರ್ಷ ನೃಪತುಂಗನ ಕಾಲಕ್ಕೂ ಗಂಗರ ಬಂಡಾಯ ತಣಿಯಲಿಲ್ಲ. ದಂಡನಾಯಕ ಬಂಕೇಯ ಕೇದಳದ ಕೋಟೆಯನ್ನು, ಅಂದರೆ ತುಮಕೂರಿನ ಬಳಿಯ ಕೈದಾಳವನ್ನು, ಹಿಡಿದು ಕಾವೇರಿಯ ಕಡೆ ಮುನ್ನುಗ್ಗಿದ್ದಾಗ ರಾಜಧಾನಿಯ ಒಳಜಗಳ ಅವನನ್ನು ಹಿಂದಕ್ಕೆ ಕರೆಸಿತು. ಕೊನೆಗೆ ನೃಪತುಂಗ ಬೇರೆ ದಾರಿ ಹಿಡಿದ. ತನ್ನ ಮಗಳು ಚಂದ್ರೋಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟ. ಕತ್ತಿ ಮಾಡದ ಕೆಲಸವನ್ನು ನೆಂಟಸ್ತನ ಮಾಡಿತು. ಅಲ್ಲಿಂದ ಮುಂದೆ ನೂರು ವರ್ಷ ಗಂಗರು ರಾಷ್ಟ್ರಕೂಟರ ಪಕ್ಷ.

ಅದೇ ಸುಮಾರಿಗೆ ಪೂರ್ವದಲ್ಲಿ ಇನ್ನೊಂದು ಬಗೆಯ ಪಾಠ ಸಿದ್ಧವಾಗುತ್ತಿತ್ತು. ಸುಮಾರು 880ರಲ್ಲಿ ಕುಂಭಕೋಣದ ಹತ್ತಿರದ ತಿರುಪ್ಪುರಂಬಿಯಂನಲ್ಲಿ ಪಾಂಡ್ಯ ವರಗುಣನ ವಿರುದ್ಧ ಪಲ್ಲವ ಅಪರಾಜಿತ ನಿಂತಾಗ, ಗಂಗರ ಕಿರಿಯ ಶಾಖೆಯ ಪೃಥ್ವೀಪತಿ ಪಲ್ಲವರ ಪರವಾಗಿ ಹೋರಾಡಿ ಅಲ್ಲೇ ಮಡಿದ. ಪಾಂಡ್ಯರು ಸೋತರು. ಆ ಯುದ್ಧದಲ್ಲಿ ಪಲ್ಲವರ ಜೊತೆಗೆ ನಿಂತಿದ್ದ ಇನ್ನೊಬ್ಬ ಸಾಮಂತ ಚೋಳ ಆದಿತ್ಯ. ಕೆಲವೇ ವರ್ಷಗಳಲ್ಲಿ ಅವನು ಅಪರಾಜಿತನನ್ನೇ ಕೊಂದು ಪಲ್ಲವ ನೆಲವನ್ನು ಕಸಿದುಕೊಂಡ. ಬೆಳೆಯುತ್ತಿದ್ದ ಪಾಂಡ್ಯನನ್ನು ತಡೆಯಲು ಎಲ್ಲರೂ ಕೂಡಿದರು, ಅವರ ನಡುವೆಯೇ ಇದ್ದ ಚೋಳ ಯಾರ ಕಣ್ಣಿಗೂ ಬೀಳಲಿಲ್ಲ. ಸಮತೋಲದ ರಾಜಕಾರಣದಲ್ಲಿ ಪದೇ ಪದೇ ಆಗುವ ಅನಾಹುತ ಇದು: ಇಂದಿನ ಅಪಾಯವನ್ನು ಕಾಯುವವರು ನಾಳೆಯ ಅಪಾಯಕ್ಕೆ ಬೆನ್ನು ಮಾಡಿ ನಿಂತಿರುತ್ತಾರೆ.

ಚೋಳರು ದೊಡ್ಡವರಾದ ಮೇಲೆ ಗಂಗರು ಮಾಡಿದ ಅತಿ ದೊಡ್ಡ ಯುದ್ಧ 949ರ ತಕ್ಕೋಲಂ. ಇಮ್ಮಡಿ ಬೂತುಗ ರಾಷ್ಟ್ರಕೂಟ ಮೂರನೆಯ ಕೃಷ್ಣನ ಅಕ್ಕ ರೇವಕನಿಮ್ಮಡಿಯ ಗಂಡ. ಕೃಷ್ಣನ ನೆರವಿನಿಂದಲೇ ಗಂಗ ಪಟ್ಟಕ್ಕೆ ಬಂದವನು. ಅರಕ್ಕೋಣಂ ಬಳಿಯ ಆ ರಣದಲ್ಲಿ ಅವನು ಚೋಳ ಯುವರಾಜ ರಾಜಾದಿತ್ಯನನ್ನು ಕೊಂದ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದನ್ನು ವಿವರವಾಗಿ ಹೇಳುತ್ತದೆ. ಮೆಚ್ಚಿದ ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಸೀಮೆಗಳನ್ನು ಕೊಟ್ಟ. ಬೂತುಗನ ಭಟ ಮಣಲೇರ ತನಗೆ ನೆಲ ಬೇಡ, ದೊರೆಯ ಬೇಟೆನಾಯಿ ‘ಕಾಳಿ’ ಬೇಕೆಂದು ಕೇಳಿ ಪಡೆದದ್ದೂ, ಆ ನಾಯಿ ಹಂದಿಯೊಡನೆ ಸೆಣಸಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿದ್ದೂ ಅದೇ ಶಾಸನದಲ್ಲಿದೆ. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಗಂಗರ ನೆಲ ಹಿಂದೆಂದೂ ಇಲ್ಲದಷ್ಟು ವಿಸ್ತಾರವಾಗಿದ್ದು ತಕ್ಕೋಲಂ ಗೆಲುವಿನ ನಂತರವೇ.

ಅಲ್ಲಿಂದ ಕೇವಲ ಐವತ್ತೈದು ವರ್ಷಕ್ಕೆ ರಾಜ್ಯವೇ ಇಲ್ಲವಾಯಿತು. 967ರಲ್ಲಿ ಕೃಷ್ಣ ತೀರಿಕೊಂಡ. 972ರಲ್ಲಿ ಪರಮಾರ ಸೀಯಕ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು, ಅಂದರೆ ಮಳಖೇಡವನ್ನು, ಲೂಟಿ ಮಾಡಿದ. ಮರುವರ್ಷ ಚಾಲುಕ್ಯ ತೈಲಪ ಕೊನೆಯ ರಾಷ್ಟ್ರಕೂಟ ದೊರೆಯನ್ನು ಉರುಳಿಸಿದ. ಆಗ ಗಂಗ ಮಾರಸಿಂಹನ ಮುಂದೆ ಎರಡು ದಾರಿಗಳಿದ್ದವು. ಉತ್ತರದ ಹೊಸ ಒಡೆಯ ತೈಲಪನೊಡನೆ ಸಂಧಿ ಮಾಡಿಕೊಳ್ಳುವುದು ಒಂದು, ಬಿದ್ದುಹೋದ ಮನೆತನವನ್ನು ಮತ್ತೆ ಎತ್ತುವುದು ಇನ್ನೊಂದು. ಅವನು ಎರಡನೆಯದನ್ನು ಆರಿಸಿ ಕೃಷ್ಣನ ಮೊಮ್ಮಗನೂ ತನ್ನ ಸೋದರಳಿಯನೂ ಆದ ಇಂದ್ರನಿಗೆ ಪಟ್ಟ ಕಟ್ಟಿದ. ಅದು ಕೈಗೂಡಲಿಲ್ಲ. ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬ ಅವನ ಕಥೆಯನ್ನು ಇಂದಿಗೂ ಹೇಳುತ್ತಿದೆ. ಅವನ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಆದರೆ ಆ ನಿಷ್ಠೆಯ ಬೆಲೆಯನ್ನು ಮುಚ್ಚಿಡುವುದು ಸರಿಯಲ್ಲ. ಉತ್ತರದ ಹೊಸ ಶಕ್ತಿ ಶತ್ರುವಾಯಿತು, ಪೂರ್ವದಲ್ಲಿ ಚೋಳರು ತಕ್ಕೋಲಂ ಮರೆತಿರಲಿಲ್ಲ. 985ರಲ್ಲಿ ರಾಜರಾಜ ಪಟ್ಟಕ್ಕೆ ಬಂದ. ಸುಮಾರು 1004ರಲ್ಲಿ ತಲಕಾಡು ಬಿತ್ತು, ರಾಜರಾಜಪುರ ಎಂಬ ಹೆಸರಾಯಿತು. ಗಂಗವಾಡಿ ಮುಡಿಗೊಂಡಚೋಳಮಂಡಲವಾಯಿತು.

ಇಬ್ಬರ ಹೊಲದ ನಡುವಿನ ಬದು ಉಳಿಯುವುದು ಹೊಲ ಇಬ್ಬರದಾಗಿರುವ ತನಕ. ಒಬ್ಬನೇ ಎರಡನ್ನೂ ಹಿಡಿದ ದಿನ ನೇಗಿಲು ಬದುವಿನ ಮೇಲೆ ಹರಿಯುತ್ತದೆ. ಗಂಗರನ್ನು ಆರುನೂರು ವರ್ಷ ಕಾಪಾಡಿದ್ದು ಪಲ್ಲವರ ಪ್ರೀತಿಯಲ್ಲ, ರಾಷ್ಟ್ರಕೂಟರ ನೆಂಟಸ್ತನವೂ ಅಲ್ಲ. ಎರಡೂ ಕಡೆ ತಡೆಯುವ ಶಕ್ತಿಗಳಿದ್ದದ್ದೇ ಅವರ ರಕ್ಷೆ. ಆ ರಕ್ಷೆ ಹೋದ ಮೇಲೆ ತಕ್ಕೋಲಂನ ಶೌರ್ಯವಾಗಲಿ ಬನವಾಸಿ ಹನ್ನೆರಡು ಸಾವಿರವಾಗಲಿ ನೆರವಿಗೆ ಬರಲಿಲ್ಲ.

ಈ ಪಾಠವನ್ನು ಚೆನ್ನಾಗಿ ಅರಿತವರು ಮುಂದೆ ಬಂದ ಹೊಯ್ಸಳರು. 1116ರಲ್ಲಿ ತಲಕಾಡನ್ನು ಚೋಳರಿಂದ ಬಿಡಿಸಿಕೊಂಡ ವಿಷ್ಣುವರ್ಧನ ‘ತಲಕಾಡುಗೊಂಡ’ ಎನಿಸಿದ. ಆದರೆ ಅವನ ವಂಶದ ಇಮ್ಮಡಿ ನರಸಿಂಹ, ಚೋಳರು ಸೊರಗಿ ಪಾಂಡ್ಯರು ಬೆಳೆಯುತ್ತಿದ್ದಾಗ ಹಳೆಯ ಶತ್ರುವನ್ನೇ ಎತ್ತಿ ನಿಲ್ಲಿಸಿದ. ಸೇಂದಮಂಗಲದಲ್ಲಿ ಸೆರೆಯಲ್ಲಿದ್ದ ಚೋಳ ದೊರೆಯನ್ನು ಸುಮಾರು 1231ರಲ್ಲಿ ಬಿಡಿಸಿ ‘ಚೋಳರಾಜ್ಯ ಪ್ರತಿಷ್ಠಾಚಾರ್ಯ’ ಎಂಬ ಬಿರುದು ಪಡೆದ. ಅವನ ಮಗ ಸೋಮೇಶ್ವರ ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿ ಕುಳಿತು, ಚೋಳ ಮೂರನೆಯ ರಾಜೇಂದ್ರ ಮತ್ತೆ ಬಲಿತಾಗ ಪಾಂಡ್ಯರ ಕಡೆಗೆ ವಾಲಿದ. ಸೊರಗಿದವನಿಗೆ ಬಲ ತುಂಬಿ ಬೆಳೆದವನನ್ನು ತಗ್ಗಿಸುವ ಈ ಲೆಕ್ಕ ಹಲವು ವರ್ಷ ನಡೆಯಿತು. ಪಾಂಡ್ಯರು ಕೈಮೀರಿ ಬೆಳೆದು ಕಣ್ಣನೂರನ್ನೇ ಕಸಿದುಕೊಂಡಾಗ ಅದು ತಪ್ಪಿತು.

ಈ ಲೆಕ್ಕಾಚಾರದ ಬೆಲೆಯನ್ನು ತೆತ್ತವರು ಯಾರು ಎಂಬುದನ್ನೂ ಹೇಳಬೇಕು. ಹೆಬ್ಬಾಳದ ಕಲ್ಲು ಒಂಟಿಯಲ್ಲ. ಬೇಗೂರಿನಲ್ಲಿ ಸುಮಾರು 890ರ ಶಾಸನವೊಂದು ‘ಬೆಂಗಳೂರ ಕಾಳಗ’ದಲ್ಲಿ ಸತ್ತವನನ್ನು ನೆನೆಯುತ್ತದೆ. ನಮ್ಮ ನಗರದ ಹೆಸರು ಮೊದಲು ಕಾಣುವುದೇ ಒಂದು ಸಾವಿನ ದಾಖಲೆಯಲ್ಲಿ. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲಿನಲ್ಲಿ ನಾಗತ್ತರನೆಂಬ ನಾಯಕ ಗಂಗ ದೊರೆ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನಿಗೆ ನೆರವಾಗಿ ತುಂಬೆಪಾಡಿಗೆ ಹೋಗಿ, ವೀರಮಹೇಂದ್ರನ ಆನೆಗಳ ನಡುವೆ ಬೀಳುತ್ತಾನೆ. ದೊರೆಗಳ ಮೈತ್ರಿ ತಾಮ್ರಪಟಗಳಲ್ಲಿದೆ, ಆ ಮೈತ್ರಿಗೆ ತೆತ್ತ ಜೀವಗಳು ಕೆರೆಯಂಗಳದ ಕಲ್ಲುಗಳಲ್ಲಿವೆ. ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ಚರಿತ್ರೆ ಪೂರ್ತಿಯಾಗುತ್ತದೆ.

ಆದ್ದರಿಂದ ಬಲಸಮತೋಲದಿಂದ ಶಾಂತಿ ಬರುತ್ತದೆ ಎಂಬ ಮಾತನ್ನು ಗಂಗರ ಚರಿತ್ರೆ ಒಪ್ಪುವುದಿಲ್ಲ. ಅದರಿಂದ ಅವರಿಗೆ ಸಿಕ್ಕಿದ್ದು ಕಾಲಾವಕಾಶ. ಆ ಅವಕಾಶದಲ್ಲಿ ಶ್ರೀಪುರುಷ ಗಜಶಾಸ್ತ್ರ ಬರೆದ, ಊರೂರಿನಲ್ಲಿ ಕೆರೆಗಳಾದವು, ಗಂಗರ ಮಂತ್ರಿ ಚಾವುಂಡರಾಯ 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣ ಬರೆದು 981ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ. ರಾಜ್ಯ ಹೋಯಿತು, ಇವು ಉಳಿದವು. ಇಂದಿನ ಸಣ್ಣ ದೇಶಗಳೂ ದೊಡ್ಡ ಶಕ್ತಿಗಳ ನಡುವೆ ಇದೇ ಲೆಕ್ಕ ಹಾಕುತ್ತಿವೆ. ಅವಕ್ಕೆ ಗಂಗವಾಡಿ ಹೇಳುವ ಮಾತು ಸ್ಪಷ್ಟ: ಒಬ್ಬ ಮಿತ್ರನನ್ನೇ ನಂಬಿ ಉಳಿದೆಲ್ಲರನ್ನೂ ಶತ್ರು ಮಾಡಿಕೊಳ್ಳಬೇಡಿ, ಪಕ್ಕದ ದೊಡ್ಡ ರಾಜ್ಯ ಸೋಲಲಿ ಎಂದು ಬಯಸುವ ಮುನ್ನ, ಅದು ಪೂರ್ತಿ ಅಳಿದರೆ ಮರುದಿನ ನಿಮ್ಮ ಗಡಿಯಲ್ಲಿ ಬಂದು ನಿಲ್ಲುವವರು ಯಾರು ಎಂದು ಯೋಚಿಸಿ.